ಕೋಳಿ ತತ್ತಿ ಇಡುತ್ತಿದ್ದವು, ನನಗೆ ಸಿಗುತ್ತಿರಲಿಲ್ಲ

ಧಾರವಾಡದ ನಮ್ಮ ಹಿತ್ತಲಲ್ಲಿ 4 ಗಿರಿರಾಜ ಹೇಂಟೆಗಳಿವೆ. 6 ತಿಂಗಳು ತುಂಬಿದರೂ ಒಂದೂ ತತ್ತಿ ಇಲ್ಲ. ಈ ತಳಿ ಸಾಮಾನ್ಯವಾಗಿ ಐದೂವರೆ ತಿಂಗಳ ಹೊತ್ತಿಗೆ ಶುರು ಮಾಡುತ್ತದೆ. ಜುಟ್ಟು ಕೆಂಪಾಗಿತ್ತು, ಬೆನ್ನ ಮೇಲೆ ಕೈಯಿಟ್ಟರೆ ರೆಕ್ಕೆ ಅಗಲಿಸಿ ಕುಕ್ಕರಿಸುತ್ತಿದ್ದವು. ಅದು ತತ್ತಿಗೆ ಬಂದ ಗುರುತೇ ಅಲ್ವಾ?

ಪಕ್ಕದ ಮನೆ ಅಜ್ಜಿ ಹೇಳಿದರು: "ಇಡಾಕತ್ತಾವ ತಮ್ಮಾ, ನಿನಗ ಕಾಣವಲ್ಲದು ಅಷ್ಟ."

ಮರುದಿನ ಬೆಳಿಗ್ಗೆ ಸುಮ್ನೆ ಕೂತು ನೋಡಿದೆ. ಒಂದು ಹೇಂಟೆ ಅತ್ತಿತ್ತ ನೋಡಿ ಕಣಿಕೆ ಬಣವಿಯ ಹಿಂದೆ ನುಸುಳಿತು. ಕೈ ಹಾಕಿದರೆ ಒಳಗೆ 11 ತತ್ತಿ, ಮೇಲಿನದು ಇನ್ನೂ ಬೆಚ್ಚಗಿತ್ತು! ನೀರಿಗೆ ಹಾಕಿದಾಗ 3 ತತ್ತಿ ತೇಲಿದವು, ಹಳತಾಗಿವೆ ಅಂತ ಎಸೆದೆ.

ಬಣವಿಯ ಸಂದು ಮುಚ್ಚಿದೆ. ಗೂಡಿನ ಕತ್ತಲ ಮೂಲೆಯಲ್ಲಿ ಹಳೇ ಬುಟ್ಟಿಗೆ ಒಣಹುಲ್ಲು ಹಾಸಿ, ತತ್ತಿಯಂಥ ಒಂದು ನುಣುಪು ಬಿಳಿ ಕಲ್ಲು ಇಟ್ಟೆ, ಯಾಕಂದರೆ ಇನ್ನೊಂದು ಕೋಳಿ ಇಟ್ಟಿದೆ ಅಂದುಕೊಂಡರೆ ಇವೂ ಅಲ್ಲೇ ಇಡುತ್ತವೆ. ಜಾಸ್ತಿ ತತ್ತಿ ಬರುವುದು ಬೆಳಗಿನ ಹೊತ್ತು, ಹಾಗಾಗಿ ಒಂದು ವಾರ 11 ಗಂಟೆವರೆಗೂ ಹೊರಗೆ ಬಿಡಲಿಲ್ಲ, ಕಾಳು ನೀರು ಒಳಗೇ ಕೊಟ್ಟೆ. 4ನೇ ದಿನ ಕಲ್ಲಿನ ಪಕ್ಕ ಒಂದು ಸಣ್ಣ ಕಂದು ತತ್ತಿ ಇತ್ತು. ಎಷ್ಟು ಖುಷಿಯಾಯಿತು!

ಸಿಪ್ಪೆ ತೆಳುವಾಗಿತ್ತು. ಕೋಳಿಗಳಿಗೆ ಸುಣ್ಣದಂಶ ಸಿಗಲಿ ಅಂತ ತತ್ತಿ ಸಿಪ್ಪೆಯನ್ನೇ ಒಣಗಿಸಿ, ಗುರುತು ಸಿಗದಂತೆ ಪುಡಿ ಮಾಡಿ ಬೇರೆ ತಟ್ಟೆಯಲ್ಲಿ ಇಡುತ್ತಿದ್ದೇನೆ. ದೊಡ್ಡ ಚೂರು ಹಾಕಬೇಡಿ, ರುಚಿ ಹತ್ತಿದರೆ ತತ್ತಿಯನ್ನೇ ಒಡೆದು ತಿನ್ನುತ್ತವೆ.