ಜಪಾನಿನಲ್ಲಿ ಕೋವಿ ಪರವಾನಗಿ: ಒಬ್ಬ ಕೊಡಗಿನವನ ಅನುಭವ

ಜಪಾನಿನಲ್ಲಿ ಜನಸಾಮಾನ್ಯರು ಕೋವಿ ಇಟ್ಟುಕೊಳ್ಳುವಂತೆಯೇ ಇಲ್ಲ ಎಂಬ ನಂಬಿಕೆ ಊರಿನಲ್ಲೂ ಇದೆ, ಇಲ್ಲಿನ ನನ್ನ ಸಹೋದ್ಯೋಗಿಗಳಲ್ಲೂ ಇದೆ. ಅದು ನಿಜವಲ್ಲ. ಬೇಟೆಗೆ, ಬೆಳೆ ಹಾಳುಮಾಡುವ ಪ್ರಾಣಿಗಳ ನಿಯಂತ್ರಣಕ್ಕೆ, ಗುರಿಯಾಟಕ್ಕೆ ಕೋವಿ ಇಟ್ಟುಕೊಳ್ಳಬಹುದು. ಆತ್ಮರಕ್ಷಣೆಗೆ ಎಂದಿರೋ, ಮಾತು ಅಲ್ಲಿಗೇ ಮುಗಿಯಿತು. ಕನಗಾವಾ ಪ್ರಾಂತ್ಯದಲ್ಲಿ ನೆಲೆಸಿರುವ ನಾನು ಹಾರುವ ಮಣ್ಣಿನ ಬಿಲ್ಲೆಗಳಿಗೆ ಗುರಿಯಿಡುವ ಟ್ರ್ಯಾಪ್ ಆಟಕ್ಕೆಂದು 12 ಬೋರಿನ ಕೋವಿಯೊಂದಕ್ಕೆ (ಶಾಟ್‌ಗನ್) ಪರವಾನಗಿ ಪಡೆದೆ. ವಿದೇಶಿಯ ಅರ್ಜಿ ಎಂದು ಯಾರೂ ಮುಖ ತಿರುಗಿಸಲಿಲ್ಲ. ಆದರೆ ಪಾಠ, ಪರೀಕ್ಷೆ, ಸಂದರ್ಶನ ಎಲ್ಲವೂ ಜಪಾನಿ ಭಾಷೆಯಲ್ಲಿಯೇ.

ನಾನು ಬೆಳೆದದ್ದು ಕೋವಿಗೆ ಹೂ ಮುಡಿಸುವ ಮನೆಯಲ್ಲಿ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ನಳಿಗೆಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ವಿನಾಯಿತಿ ಬ್ರಿಟಿಷರ ಕಾಲದಿಂದಲೂ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಅಂಥ ಕಡೆಯಿಂದ ಬಂದವನಿಗೆ ಗುರಿ ಹಿಡಿಯುವುದು ಹೊಸದೇನಲ್ಲ. ಆದರೆ ಇಲ್ಲಿ ಅವರು ಅಳೆಯಲು ಹೊರಟದ್ದು ಗುರಿಯನ್ನಲ್ಲ.

ಮೊದಲ ಹೆಜ್ಜೆ ಠಾಣೆ. ಪರವಾನಗಿ ಕೊಡುವುದು ಪ್ರಾಂತ್ಯದ ಸಾರ್ವಜನಿಕ ಸುರಕ್ಷತಾ ಆಯೋಗವಾದರೂ ಅರ್ಜಿ ಹೋಗುವುದು ಮನೆ ಹತ್ತಿರದ ಪೊಲೀಸ್ ಠಾಣೆಯ ಮೂಲಕ. ಹೊಸಬರಿಗೆ ಒಂದು ದಿನದ ಪಾಠ, ಕೊನೆಗೆ 50 ಪ್ರಶ್ನೆಗಳ ಸರಿ–ತಪ್ಪು ಪರೀಕ್ಷೆ. 45 ಸರಿಯಾದರೆ ಪಾಸು. ಪ್ರಶ್ನೆಗಳಲ್ಲಿ ಕೋವಿ–ಕತ್ತಿಗಳ ನಿಯಂತ್ರಣದ 1958ರ ಕಾನೂನಿನ ಕಲಮುಗಳೇ ಹೆಚ್ಚು. ವಾಕ್ಯದ ಕೊನೆಯಲ್ಲಿ ಬರುವ ಒಂದು ಸಣ್ಣ ನಿಷೇಧಪದವನ್ನು ನೋಡದೆ ಹೋದರೆ ಉತ್ತರ ತಲೆಕೆಳಗಾಗುತ್ತದೆ. ಹಳೆಯ ಪ್ರಶ್ನೆಗಳನ್ನು ಬಾಯಿಪಾಠವಾಗುವಷ್ಟು ಓದಿಕೊಂಡೇ ಹೋಗಿ ಎಂಬುದು ನನ್ನ ಸಲಹೆ.

ಅದಾದ ಮೇಲೆ ಗುಂಡು ಹಾರಿಸುವ ತರಬೇತಿ. ಅದಕ್ಕೆ ಸೇರಲೂ ಪ್ರತ್ಯೇಕ ಅನುಮತಿ, ಹಿನ್ನೆಲೆ ತನಿಖೆ, ಮಾನಸಿಕ ಆರೋಗ್ಯದ ಬಗ್ಗೆ ವೈದ್ಯರ ಪ್ರಮಾಣಪತ್ರ. ಆ ದಿನ ಸುಡುವ ತೋಟೆಗಳಿಗೆ (ಕಾರ್ಟ್ರಿಜ್‌ಗಳಿಗೆ) ಮತ್ತೊಂದು ಅನುಮತಿ. ತರಬೇತಿಯ ಬಹುಪಾಲು ಗುಂಡಿಲ್ಲದ ಕೋವಿಯೊಂದಿಗೇ ಕಳೆಯಿತು: ಎತ್ತಿಕೊಂಡ ಕೂಡಲೇ ಮಡಚಿ ತೆರೆದು ಎರಡೂ ನಳಿಗೆ ಖಾಲಿ ಇವೆಯೇ ನೋಡುವುದು, ನಳಿಗೆಯನ್ನು ಯಾರ ಕಡೆಗೂ ತಿರುಗಿಸದಿರುವುದು, ಟ್ರಿಗರ್ ಕಾವಲಿನ ಹೊರಗೆ ಬೆರಳನ್ನು ನೇರವಾಗಿ ಚಾಚಿರುವುದು. ಕಡೆಗೆ 25 ಬಿಲ್ಲೆ ಹಾರಿಸಿದರು. ಪಾಸಾಗಲು ಟ್ರ್ಯಾಪ್‌ನಲ್ಲಿ ಎರಡಕ್ಕೆ ತಗುಲಿದರೆ ಸಾಕು! ನಮ್ಮೂರಿನ ತೆಂಗಿನಕಾಯಿ ಸ್ಪರ್ಧೆಯಲ್ಲಿ ಹಾಗೆ ಹೊಡೆದವನು ಒಂದು ವಾರ ಅಂಗಡಿ ಕಡೆ ತಲೆ ಹಾಕುತ್ತಿರಲಿಲ್ಲ. ಅದೇ ಬೆರಳು ಕ್ಷಣಕಾಲ ಟ್ರಿಗರ್ ಮೇಲೆ ಜಾರಿದರೆ ಮಾತ್ರ ಇಲ್ಲಿ ಅಂಕ ಕಳೆಯುತ್ತಾರೆ.

ಕೋವಿ ಆರಿಸಿದ್ದು ಅಂಗಡಿಯೊಂದರಲ್ಲಿ. ಕೊಚಿ ಪ್ರಾಂತ್ಯದ ಮಿರೋಕು ಕಂಪನಿಯದು, ಒಂದರ ಮೇಲೊಂದು ನಳಿಗೆ, ಸೆಕೆಂಡ್ ಹ್ಯಾಂಡ್. ತಿಮಿಂಗಿಲ ಬೇಟೆಯ ಕೋವಿ ಮಾಡುತ್ತಿದ್ದ ಈ ಕಂಪನಿ ಬ್ರೌನಿಂಗ್ ಹೆಸರಿನ ಕೋವಿಗಳನ್ನೂ ತಯಾರಿಸುತ್ತದೆ. ಪರವಾನಗಿ ಸಿಗುವವರೆಗೆ ಅಂಗಡಿಯವರು ಅದನ್ನು ನನಗಾಗಿ ತೆಗೆದಿಟ್ಟರು. ಇಲ್ಲಿ ಪರವಾನಗಿ ನಿರ್ದಿಷ್ಟವಾದ ಆ ಒಂದು ಕೋವಿಗೆ ಮಾತ್ರ. ಎರಡನೆಯದು ಬೇಕೆಂದರೆ ಎರಡನೆಯ ಅರ್ಜಿ.

ನಿಜವಾದ ಪರೀಕ್ಷೆ ಆಮೇಲೆ ನಡೆಯಿತು. ಠಾಣೆಯ ಅಧಿಕಾರಿ ನನ್ನನ್ನು ಕೂರಿಸಿಕೊಂಡು ಸಾಲ, ಕುಡಿತ, ಕೆಲಸ ಬದಲಿಸಿದ ಕಾರಣ, ನಿದ್ದೆ, ಜಗಳ ಎಲ್ಲವನ್ನೂ ಸಮಾಧಾನವಾಗಿ ಕೇಳಿದರು. ನೆರೆಯವರನ್ನು ವಿಚಾರಿಸಿದರು. ಮನೆಗೆ ಬಂದು ಗೋಡೆಗೆ ಬಿಗಿದ ಉಕ್ಕಿನ ಪೆಟ್ಟಿಗೆಯನ್ನು ಅಲುಗಾಡಿಸಿ ನೋಡಿದರು, ತೋಟೆಗಳ ಪೆಟ್ಟಿಗೆ ಬೇರೆಯೇ ಇದೆಯೇ ಎಂದು ಪರಿಶೀಲಿಸಿದರು. ಹೆಂಡತಿಯನ್ನು ಪ್ರತ್ಯೇಕವಾಗಿ ಮಾತಾಡಿಸಿದರು: “ಇವರು ಸಿಟ್ಟು ಬಂದಾಗ ಏನು ಮಾಡುತ್ತಾರೆ?” ಅವಳು “ಸುಮ್ಮನಾಗಿಬಿಡುತ್ತಾರೆ” ಎಂದಳಂತೆ. ಅದು ನನ್ನ ಪರವಾಗಿತ್ತೋ ವಿರುದ್ಧವಾಗಿತ್ತೋ ಎಂದು ಅಧಿಕಾರಿಯ ಮುಖದಿಂದ ತಿಳಿಯಲಿಲ್ಲವೆಂದು ಇವತ್ತಿಗೂ ನಗುತ್ತಾಳೆ.

ಕೆಲವರಿಗೆ ಇದು ಅವಮಾನ ಅನ್ನಿಸುತ್ತದೆ. ನನಗೆ ಅನ್ನಿಸಲಿಲ್ಲ. ಕೋವಿ ಕೈಯಲ್ಲಿರುವವನ ಸ್ವಭಾವ ಚೆನ್ನಾಗಿ ಗೊತ್ತಿರುವುದು ಅವನ ಹೆಂಡತಿಗೆ ಮತ್ತು ಪಕ್ಕದ ಮನೆಯವರಿಗೆ. ಅವರನ್ನು ಕೇಳದೆ ಇನ್ನಾರನ್ನು ಕೇಳಬೇಕು? 2007ರ ಡಿಸೆಂಬರಿನಲ್ಲಿ ಸಾಸೆಬೊ ನಗರದ ಕ್ರೀಡಾ ಕ್ಲಬ್ಬಿನಲ್ಲಿ ಪರವಾನಗಿ ಇದ್ದವನೊಬ್ಬ ಗುಂಡು ಹಾರಿಸಿ ಜನರನ್ನು ಕೊಂದ ಮೇಲೆ ಕಾನೂನು ಮತ್ತಷ್ಟು ಬಿಗಿಯಾಯಿತು. 2022ರಲ್ಲಿ ಮಾಜಿ ಪ್ರಧಾನಿ ಶಿಂಜೊ ಅಬೆ ಅವರನ್ನು ಕೊಂದದ್ದು ಮನೆಯಲ್ಲೇ ತಯಾರಿಸಿದ ಕೋವಿ. ಯಾವ ಸಂದರ್ಶನವೂ ಅದನ್ನು ತಡೆಯುತ್ತಿರಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು.

ನನಗೆ ಕಿರಿಕಿರಿಯಾಗುವುದು ಲೆಕ್ಕದ ಪುಸ್ತಕ. ಕೊಂಡ ತೋಟೆ, ಸುಟ್ಟ ತೋಟೆ, ಉಳಿದ ತೋಟೆ, ದಿನಾಂಕ, ಸ್ಥಳ: ಪ್ರತಿಯೊಂದನ್ನೂ ಬರೆಯಬೇಕು. ಮನೆಯಲ್ಲಿ 800ಕ್ಕಿಂತ ಹೆಚ್ಚು ತೋಟೆ ಇಡುವಂತಿಲ್ಲ. ವರ್ಷಕ್ಕೊಮ್ಮೆ ಕೋವಿ, ಪರವಾನಗಿ, ಪುಸ್ತಕ ಮೂರನ್ನೂ ಠಾಣೆಗೆ ಒಯ್ದರೆ ನಳಿಗೆಯ ಉದ್ದ ಅಳೆದು, ಸಂಖ್ಯೆ ತಾಳೆ ನೋಡಿ, ಕೊಟ್ಟು ಕಳಿಸುತ್ತಾರೆ. ಬಳಸದೆ ಸುಮ್ಮನೆ ಇಟ್ಟರೂ ತೊಂದರೆ. ಎರಡು ವರ್ಷ (2025ರ ಮೊದಲು ಮೂರು ವರ್ಷ) ಬಳಕೆಯೇ ಇಲ್ಲದ ಕೋವಿಯನ್ನು ಇಲ್ಲಿ ‘ನೆಮುರಿಜು’, ಅಂದರೆ ಮಲಗಿದ ಕೋವಿ ಎನ್ನುತ್ತಾರೆ. ಅದರ ಪರವಾನಗಿ ರದ್ದಾಗಬಹುದು.

ಇಸೆಹಾರಾದ ಶೂಟಿಂಗ್ ರೇಂಜಿನಲ್ಲಿ ನನ್ನ ಜೊತೆ ಗುರಿಯಿಡುವವರಲ್ಲಿ ನಿವೃತ್ತರೇ ಹೆಚ್ಚು. ಅವರಿಂದ ಕಲಿತದ್ದು ಪುಸ್ತಕದಲ್ಲಿಲ್ಲ: ಸರದಿ ಬರುವವರೆಗೆ ಕೋವಿ ಮಡಚಿಕೊಂಡೇ ಇರುತ್ತದೆ, ಪಕ್ಕದವನ ಕೋವಿಯನ್ನು ಹೊಗಳಬಹುದು, ಮುಟ್ಟುವಂತಿಲ್ಲ. ಊರಿನಿಂದ ಬಂದ ಭಾವ ಒಂದೇ ಒಂದು ಗುಂಡು ಹೊಡೆಯುತ್ತೇನೆ ಎಂದಾಗ ನಾನು ಕೈ ಮುಗಿದೆ. ಹಾಗೆ ಕೊಟ್ಟರೆ ಅವನಿಗೂ ನನಗೂ ಅಪರಾಧ. ಅಜ್ಜನ ಕೋವಿ ಅಪ್ಪನ ಕೈಗೆ, ಅಪ್ಪನದು ಅಣ್ಣನ ಕೈಗೆ ಬಂದ ಮನೆಯವನಿಗೆ ಇದನ್ನು ಅರ್ಥಮಾಡಿಸುವುದು ಸುಲಭವಾಗಿರಲಿಲ್ಲ.

ರೈಫಲ್ ಬೇಕಾದವರು ಸಾಮಾನ್ಯವಾಗಿ ಹತ್ತು ವರ್ಷ ಶಾಟ್‌ಗನ್ ಇಟ್ಟುಕೊಂಡಿರಬೇಕು. ನನಗೆ ಆ ಆಸೆಯಿಲ್ಲ. ತಾನ್‌ಜಾವಾ ಬೆಟ್ಟಗಳಲ್ಲಿ ಜಿಂಕೆ ಹೆಚ್ಚಾಗಿರುವುದರಿಂದ ಸದ್ಯ ಬೇಟೆಯ ಪರವಾನಗಿಗೆ ಓದುತ್ತಿದ್ದೇನೆ. ಅದು ಬೇರೆ ಕಾನೂನು, ಬೇರೆ ಕಚೇರಿ, ಬೇರೆ ಪರೀಕ್ಷೆ. ಚಿತ್ರ ತೋರಿಸಿ ಈ ಹಕ್ಕಿಯನ್ನು ಹೊಡೆಯಬಹುದೇ ಎಂದು ಕೇಳುತ್ತಾರೆ; ಕ್ಷಣದಲ್ಲಿ ಉತ್ತರಿಸಬೇಕು. ಗಂಡು ಬಾತುಗಳು ಹೇಗೋ ತಲೆಗೆ ಹತ್ತಿವೆ. ಹೆಣ್ಣು ಬಾತುಗಳೆಲ್ಲ ಒಂದೇ ಕಂದು ಬಣ್ಣ, ಅವುಗಳೊಂದಿಗೆ ಹೆಣಗಾಟ ಇನ್ನೂ ನಡೆದಿದೆ.