ಉಬುಂಟು ಅಪ್‌ಗ್ರೇಡ್: ‘ವೈ’ ಒತ್ತುವ ಮುಂಚೆ ಜಾಗ ನೋಡಿಕೊಳ್ಳಿ

ಕಂಪ್ಯೂಟರ್ ನಡೆಸುವ ಉಬುಂಟು ಲಿನಕ್ಸನ್ನು ಹೊಸದು ಮಾಡಲು ಟರ್ಮಿನಲ್‌ನಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿ) ‘ಸುಡೊ ಆಪ್ಟ್ ಅಪ್‌ಗ್ರೇಡ್’ ಕೊಟ್ಟರೆ ಅದು ಎರಡು ಅಂಕಿ ತೋರಿಸುತ್ತದೆ: ಡೌನ್‌ಲೋಡ್ ಎಷ್ಟು, ಕೆಲಸ ಮುಗಿದ ಮೇಲೆ ಹೆಚ್ಚಿಗೆ ಹಿಡಿಯುವ ಜಾಗ ಎಷ್ಟು. ಎರಡನೆಯದನ್ನಷ್ಟೇ ನೋಡಿ ಒಪ್ಪಿಗೆಯ ‘ವೈ’ ಒತ್ತಬೇಡಿ. ಅದು ಎಲ್ಲ ಮುಗಿದ ಮೇಲಿನ ಲೆಕ್ಕ. ನಡುವೆ ಇನ್ನೂ ಜಾಸ್ತಿ ಬೇಕು. ಇಳಿಸಿಕೊಂಡ ಡೆಬ್ ಫೈಲುಗಳು (ಸಾಫ್ಟ್‌ವೇರ್ ಕಟ್ಟುಗಳು, ಅಂದರೆ ಪ್ಯಾಕೇಜುಗಳು) ಒಂದು ಕಡೆ ಕೂತಿರುತ್ತವೆ. ಅವನ್ನು ಬಿಚ್ಚುವಾಗ ಹೊಸ ಫೈಲನ್ನು ಹಳೆಯದರ ಪಕ್ಕದಲ್ಲೇ ಬರೆದು, ಆಮೇಲೆ ಹೆಸರು ಬದಲಿಸಲಾಗುತ್ತದೆ. ಅಷ್ಟು ಹೊತ್ತು ಎರಡಕ್ಕೂ ಜಾಗ ಇರಬೇಕು.

ಮೊದಲು ಖಾಲಿ ಜಾಗ ತೋರಿಸುವ ‘ಡಿಎಫ್ -ಎಚ್’ ಕೊಡಿ. ಸಿಸ್ಟಮ್‌ನ ಮುಖ್ಯ ಜಾಗವಾದ ರೂಟ್ (/) ಸಾಲಿನ ಜೊತೆಗೆ, ಯಂತ್ರ ಶುರುವಾಗಲು ಬೇಕಾದ ಫೈಲುಗಳಿರುವ ಬೂಟ್ (/boot) ಅನ್ನುವ ಸಾಲು ಬೇರೆಯಾಗಿ ಇದೆಯೇ ನೋಡಿ. ಇನ್‌ಸ್ಟಾಲ್ ಮಾಡುವಾಗ ಡಿಸ್ಕ್ ಎನ್‌ಕ್ರಿಪ್ಷನ್ ಆರಿಸಿದ್ದರೆ ಸಾಮಾನ್ಯವಾಗಿ ಇರುತ್ತದೆ. ನನ್ನ ತಮ್ಮನ ಲ್ಯಾಪ್‌ಟಾಪಿನಲ್ಲಿ ರೂಟ್‌ನಲ್ಲಿ 40 ಜಿಬಿ ಖಾಲಿಯಿತ್ತು, ಆದರೂ ಅಪ್‌ಗ್ರೇಡ್ ಅರ್ಧಕ್ಕೇ ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಎಂದು ನಿಂತುಹೋಯಿತು. ತುಂಬಿದ್ದು ಬೂಟ್. ಅಲ್ಲಿ ನಾಲ್ಕು ಕರ್ನಲ್ (ಸಿಸ್ಟಮ್‌ನ ತಿರುಳು) ಸಾಲಾಗಿ ಕೂತಿದ್ದವು. ಪ್ರತಿಯೊಂದರ ಜೊತೆಗೂ, ಅದು ಶುರುವಾಗಲು ನೆರವಾಗುವ ಒಂದು ಇನಿಟ್‌ಆರ್‌ಡಿ ಫೈಲು. ಹಲವು ಯಂತ್ರಗಳಲ್ಲಿ ಅದೊಂದೇ 100 ಎಂಬಿ ದಾಟುತ್ತದೆ. ಅದನ್ನು ಹೊಸದಾಗಿ ಕಟ್ಟುವಾಗಲೂ ಹಳೆಯದು ಅಳಿಯುವ ಮುಂಚೆಯೇ ಹೊಸದು ಬರೆದಿರಬೇಕು.

ಇದಕ್ಕೆ ಮದ್ದು, ಬೇಡವಾದ ಹಳೆಯ ಕರ್ನಲ್‌ಗಳನ್ನು ತೆಗೆಯುವ ‘ಸುಡೊ ಆಪ್ಟ್ ಆಟೊರಿಮೂವ್ --ಪರ್ಜ್’. ತೆಗೆಯಲಿರುವ ಪ್ಯಾಕೇಜುಗಳ ಪಟ್ಟಿಯನ್ನು ಪೂರ್ತಿ ಓದಿ, ಆಮೇಲೆ ಒಪ್ಪಿಕೊಳ್ಳಿ. ಈಗ ಓಡುತ್ತಿರುವ ಕರ್ನಲ್ಲನ್ನು ಅದು ಮುಟ್ಟುವುದಿಲ್ಲ. ಯಾವುದು ಅಂತ ‘ಯುನೇಮ್ -ಆರ್’ ಹೇಳುತ್ತದೆ. ಬೂಟ್‌ನ ಫೈಲುಗಳನ್ನು ಮಾತ್ರ ಕೈಯಾರೆ ಅಳಿಸಬೇಡಿ. ಫೈಲು ಹೋದರೂ ಪ್ಯಾಕೇಜಿನ ಲೆಕ್ಕದಲ್ಲಿ ಕರ್ನಲ್ ಇದ್ದೇ ಇರುತ್ತದೆ, ಮುಂದೆ ತೊಡಕು ತಪ್ಪಿದ್ದಲ್ಲ.

ರೂಟ್ ತುಂಬಿದ್ದರೆ ‘ಸುಡೊ ಆಪ್ಟ್ ಕ್ಲೀನ್’. ಇಳಿಸಿಟ್ಟ ಡೆಬ್ ಫೈಲುಗಳಷ್ಟೇ ಹೋಗುತ್ತವೆ, ಇನ್‌ಸ್ಟಾಲ್ ಆದ ಯಾವುದಕ್ಕೂ ಧಕ್ಕೆಯಿಲ್ಲ. ಲಾಗ್ ಬೆಳೆದಿದ್ದರೆ ‘ಸುಡೊ ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=200ಎಂ’. ಉಬುಂಟುವಿನ ಇನ್ನೊಂದು ಪ್ಯಾಕೇಜ್ ವ್ಯವಸ್ಥೆಯಾದ ಸ್ನ್ಯಾಪ್ ಕೂಡ ಹಳೆಯ ಆವೃತ್ತಿ ಇಟ್ಟುಕೊಳ್ಳುತ್ತದೆ. ‘ಸ್ನ್ಯಾಪ್ ಲಿಸ್ಟ್ --ಆಲ್’ ಕೊಟ್ಟರೆ ‘ಡಿಸೇಬಲ್ಡ್’ ಎಂದು ಕಾಣುವುದು ಅವೇ.

ಉಬುಂಟು ಆವೃತ್ತಿ 22.04ರಿಂದ 24.04ಕ್ಕೆ ಹೋಗುವಂಥ ದೊಡ್ಡ ಜಿಗಿತಕ್ಕೆ ಮುಂಚೆ ಅಪ್‌ಗ್ರೇಡ್ ಟೂಲ್ ತಾನೇ ಅಳತೆ ನೋಡಿ, ಯಾವ ಡಿಸ್ಕಿನಲ್ಲಿ ಇನ್ನೆಷ್ಟು ಖಾಲಿ ಮಾಡಬೇಕೆಂದು ಹೇಳುತ್ತದೆ. ಆ ಮಾತನ್ನು ಸರಿಯಾಗಿ ಓದಿ. ದಿನನಿತ್ಯದ ಅಪ್‌ಗ್ರೇಡ್‌ನಲ್ಲಿ ಅರ್ಧಕ್ಕೆ ನಿಂತರೆ ಗಾಬರಿಯಾಗಿ ರೀಬೂಟ್ ಮಾಡಬೇಡಿ. ಜಾಗ ಬಿಡಿಸಿಕೊಂಡು ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’, ಅದರ ಬೆನ್ನಿಗೆ ‘ಸುಡೊ ಆಪ್ಟ್ -ಎಫ್ ಇನ್‌ಸ್ಟಾಲ್’ ಕೊಡಿ. ತಮ್ಮನ ಯಂತ್ರ ಎದ್ದದ್ದೂ ಹೀಗೆಯೇ.

ಎಲ್ಲ ಮುಗಿದು ರೀಬೂಟ್ ಆದ ಮೇಲೆ ವೈಫೈ, ಸ್ಕ್ರೀನು, ಸೌಂಡು ಒಂದೆರಡು ದಿನ ನೋಡಿ. ಅಲ್ಲಿಯ ತನಕ ಹಿಂದಿನ ಕರ್ನಲ್ ಒಂದು ಇರಲಿ.