ಕಾರಿನ ಬೆಲ್ಟ್ ಕಿರುಚಾಟ: ಟೆನ್ಷನರ್ ಕೂಡ ನೋಡಿ

ಮಳೆಗಾಲ ಶುರುವಾದಾಗಿನಿಂದ ಕಾರು ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ ಒಳಗಿಂದ ಕೀಂಯ್ ಅನ್ನುವ ಸದ್ದು. ಎಸಿ ಹಾಕಿದರೆ ಇನ್ನೂ ಜಾಸ್ತಿ. ಎಂಜಿನ್ ಬಲದಿಂದ ಎಸಿಯಂಥ ಭಾಗಗಳನ್ನು ತಿರುಗಿಸುವ ಡ್ರೈವ್ ಬೆಲ್ಟ್‌ನಲ್ಲಿ ಒಂದು ಬಿರುಕೂ ಕಾಣಲಿಲ್ಲ. ಆದರೆ ಈಗಿನ ಇಪಿಡಿಎಂ ಎಂಬ ಸಿಂಥೆಟಿಕ್ ರಬ್ಬರ್ ಬೆಲ್ಟ್‌ಗಳು ಸುಲಭವಾಗಿ ಬಿರುಕು ಬಿಡುವುದಿಲ್ಲ, ಟೈರಿನ ಹಾಗೆ ಸವೆಯುತ್ತವೆ.

ಎಂಜಿನ್ ಓಡುತ್ತಿರುವಾಗ, ಕೈ ದೂರ ಇಟ್ಟುಕೊಂಡು, ಬೆಲ್ಟ್‌ನ ಗೆರೆಗಳಿರುವ ಬದಿಗೆ ಸ್ವಲ್ಪ ನೀರು ಸಿಂಪಡಿಸಿದೆ. ಸದ್ದು ಜೋರಾಯಿತು. ಅಂದರೆ ಬೆಲ್ಟ್ ಜಾರುತ್ತಿದೆ, ಬಿಗಿ ಸಾಲದು. ಸದ್ದು ನಿಂತು ಮತ್ತೆ ಬಂದಿದ್ದರೆ, ಬೆಲ್ಟ್ ಸುತ್ತುವ ಚಕ್ರಗಳು, ಅಂದರೆ ಪುಲಿಗಳು, ಒಂದೇ ಸಾಲಿನಲ್ಲಿಲ್ಲ ಅಂತ ಅನುಮಾನಪಡಬೇಕಿತ್ತು. ಗಮನಿಸಿದರೆ, ಬೆಲ್ಟನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರ್‌ನ ತೋಳು ಗಡಗಡ ನಡುಗುತ್ತಿತ್ತು. ಅದರ ಸ್ಪ್ರಿಂಗ್ ಸೋತಿತ್ತು.

ಬೆಲ್ಟ್, ಟೆನ್ಷನರ್ ಎರಡನ್ನೂ ಒಟ್ಟಿಗೆ ಬದಲಿಸಿದೆ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ, ಬೆಲ್ಟ್ ಸುತ್ತಿಕೊಂಡು ಹೋಗುವ ದಾರಿಯ ಫೋಟೊ ತೆಗೆದುಕೊಂಡೆ. ಫೋಟೊ ಮಾತ್ರ ಮರೆಯಬೇಡಿ. ಉದ್ದ ಹಿಡಿಯ ಸ್ಪ್ಯಾನರ್‌ನಿಂದ ಟೆನ್ಷನರ್ ತಿರುಗಿಸಿದರೆ ಬೆಲ್ಟ್ ಸಡಿಲವಾಗಿ ಬರುತ್ತದೆ. ಆಗಲೇ ಪ್ರತಿ ಪುಲಿಯನ್ನೂ ಕೈಯಲ್ಲಿ ತಿರುಗಿಸಿ ನೋಡಿ. ಗರಗರ ಅಂದರೆ ಬೇರಿಂಗ್ ಹೋಗಿದೆ. ಹೊಸ ಬೆಲ್ಟ್‌ನ ಗೆರೆಗಳೆಲ್ಲ ಪುಲಿಯ ಗ್ರೂವ್‌ಗಳಲ್ಲಿ ಸರಿಯಾಗಿ ಕೂತಿವೆಯಾ ಅಂತ ಬೆರಳಾಡಿಸಿ ನೋಡಿದ ಮೇಲೆಯೇ ಸ್ಟಾರ್ಟ್ ಮಾಡಿದೆ.

ಸುಮ್ನೆ ಬೆಲ್ಟ್‌ಗೆ ಸ್ಪ್ರೇ ಹೊಡೆದು ಸದ್ದು ಮುಚ್ಚಬೇಡಿ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಹಲವು ಕಾರುಗಳಲ್ಲಿ ಎಂಜಿನ್ ತಂಪಾಗಿಡುವ ವಾಟರ್ ಪಂಪ್ ಕೂಡ ಇದೇ ಬೆಲ್ಟ್‌ನಿಂದ ಓಡುತ್ತವೆ. ದಾರಿಯಲ್ಲಿ ಬೆಲ್ಟ್ ಕಿತ್ತುಹೋದರೆ ಬ್ಯಾಟರಿ ಖಾಲಿಯಾಗುತ್ತದೆ, ಎಂಜಿನ್ನೂ ಕಾದು ಹೋಗಬಹುದು.